ಕುದುರೆ ಫೋಟೋಗೆ ಮೊದಲ ಕ್ಯಾಮೆರಾ: ನೀವು ಎಷ್ಟು ದೂರ ನಿಲ್ಲುತ್ತೀರಿ?

ಪ್ರಶ್ನೆ: ನಾನು ವಿಜಯಪುರದವನು, ವಯಸ್ಸು 24. ಅಜ್ಜ ಟಾಂಗಾ ಹೊಡೆಯುತ್ತಿದ್ದರು, ಈಗ ಕಾಕಾ ಹೊಡೆಯುತ್ತಾರೆ. ಮೂರು ವರ್ಷದಿಂದ ಮೊಬೈಲಿನಲ್ಲಿ ಕುದುರೆ ಫೋಟೋ ತೆಗೆಯುತ್ತಿದ್ದೇನೆ. ನಿಂತ ಕುದುರೆಯ ತಲೆ ದಪ್ಪಗೆ, ಹಿಂದಿನ ಮೈ ಸಣ್ಣಗೆ ಬರುತ್ತದೆ. ಓಡುವ ಕುದುರೆಯ ಕಾಲು ಮಸುಕಾಗುತ್ತದೆ. 85,000 ರೂಪಾಯಿ ಕೂಡಿಟ್ಟಿದ್ದೇನೆ. ಅಂಗಡಿಯವರು ಕ್ಯಾನನ್ 1500ಡಿ, ಎರಡು ಲೆನ್ಸಿನ ಸೆಟ್ ತಗೊಳ್ಳಿ ಅನ್ನುತ್ತಾರೆ. ಪುಣೆಯಲ್ಲಿರುವ ಮಾಮಾನ ಮಗ ಫುಲ್ ಫ್ರೇಮ್ ಅಲ್ಲದಿದ್ದರೆ ತಗೋಬೇಡ ಅನ್ನುತ್ತಾನೆ. ಗೆಳೆಯ ಸೋನಿ ಜೆಡ್‌ವಿ-ಇ10 ತೋರಿಸುತ್ತಾನೆ. ಟಾಂಗಾ, ಜಾತ್ರೆ, ಗಾಡಿ ಶರ್ಯತ್ತು ಮೂರೂ ತೆಗೆಯಬೇಕು. ಮುಂದೆ ಕುದುರೆ ಸಾಕಿದವರಿಗೆ ಫೋಟೋ ಮಾಡಿಕೊಟ್ಟು ಸ್ವಲ್ಪ ದುಡಿಯುವ ಆಸೆಯೂ ಇದೆ. ಸಂಕ್ರಾಂತಿ ಜಾತ್ರೆಯೊಳಗೆ ಯಾವ ಕ್ಯಾಮೆರಾ ಕೊಳ್ಳಲಿ?

ಉತ್ತರ: ಮೂರು ಜನ ನಿಮಗೆ ಮೂರು ಕ್ಯಾಮೆರಾ ಹೇಳಿದ್ದಾರೆ. ಆದರೆ ನೀವು ಕುದುರೆಯಿಂದ ಎಷ್ಟು ದೂರ ನಿಲ್ಲುತ್ತೀರಿ ಅಂತ ಒಬ್ಬರೂ ಕೇಳಿದಂತಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ದೂರ ಗೊತ್ತಾದರೆ ಲೆನ್ಸ್ ಯಾವುದು ಅಂತ ಗೊತ್ತಾಗುತ್ತದೆ. ಲೆನ್ಸ್ ಗೊತ್ತಾದರೆ ಎಷ್ಟು ಬೆಳಕು ಸಿಗುತ್ತದೆ ಅಂತ ತಿಳಿಯುತ್ತದೆ. ಬಾಡಿಯ ಮಾತು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ ಮಾತು, ಬರುವುದು ಅದಾದ ಮೇಲೆ. ನಾನೂ ಮೊದಲ ಸಲ ಇದನ್ನು ಉಲ್ಟಾ ಮಾಡಿದ್ದೆ. ಇದ್ದ ದುಡ್ಡನ್ನೆಲ್ಲ ಬಾಡಿಯ ಮೇಲೆ ಹಾಕಿ, ಅದರ ಜೊತೆ ಬಂದ ಸಣ್ಣ ಲೆನ್ಸ್ ಹಿಡಿದುಕೊಂಡು ಜಮಖಂಡಿ ಕಡೆ ಒಂದು ಶರ್ಯತ್ತಿಗೆ ಹೋದೆ. ದಿನವಿಡೀ ತೆಗೆದ ಫೋಟೋಗಳಲ್ಲಿ ರಸ್ತೆ ಇತ್ತು, ಜನ ಇದ್ದರು, ಕಬ್ಬಿನ ಹೊಲ ಇತ್ತು. ಕುದುರೆ ಮಾತ್ರ ಹೆಬ್ಬೆರಳಿನಷ್ಟಿತ್ತು.

ಮೊದಲು ಒಂದು ಸಣ್ಣ ಲೆಕ್ಕ. ನಾನು ಕೆಳಗೆ ಹೇಳುವ ಕ್ಯಾಮೆರಾಗಳಲ್ಲೆಲ್ಲ ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಬಿಲ್ಲೆ, ಇದೆ. ಅದರ ಅಗಲ ಸುಮಾರು 23.5 ಮಿಲಿಮೀಟರ್, ಕ್ಯಾನನ್‌ನಲ್ಲಿ 22.3. ಕುದುರೆ ಎಷ್ಟು ದೂರ ಇದೆಯೋ ಆ ದೂರವನ್ನು 23.5ರಿಂದ ಗುಣಿಸಿ, ಲೆನ್ಸಿನ ಮೇಲೆ ಬರೆದ ಎಂಎಂ ಸಂಖ್ಯೆಯಿಂದ ಭಾಗಿಸಿ. ಚಿತ್ರದಲ್ಲಿ ಎಷ್ಟು ಮೀಟರ್ ಅಗಲ ಹಿಡಿಯುತ್ತದೆ ಅಂತ ಸಿಗುತ್ತದೆ. 30 ಮೀಟರ್ ದೂರದ ಕುದುರೆಗೆ 55 ಎಂಎಂ ಲೆನ್ಸ್ ಹಿಡಿದರೆ ಹೆಚ್ಚೂಕಡಿಮೆ 13 ಮೀಟರ್ ಅಗಲ ಬರುತ್ತದೆ. ಮೂತಿಯಿಂದ ಬಾಲದವರೆಗೆ ಕುದುರೆ ಸುಮಾರು ಎರಡೂವರೆ ಮೀಟರ್. ಅಂದರೆ ಚಿತ್ರದ ಐದನೇ ಒಂದು ಪಾಲು ಮಾತ್ರ ಕುದುರೆ. ಅದೇ ಜಾಗದಿಂದ 200 ಎಂಎಂ ಹಿಡಿದರೆ ಮೂರೂವರೆ ಮೀಟರ್ ಅಗಲ. ಈಗ ಕುದುರೆ ಚಿತ್ರ ತುಂಬುತ್ತದೆ, ಮುಂದೆ ಓಡಲು ಸ್ವಲ್ಪ ಜಾಗವೂ ಉಳಿಯುತ್ತದೆ. 50 ಮೀಟರ್ ದೂರದಿಂದ ಕುದುರೆ, ಗಾಡಿ ಎರಡೂ ಬೇಕು ಅಂದರೆ 250 ಎಂಎಂ.

ಸುಮ್ನೆ ಓದಿ ಬಿಡಬೇಡಿ, ಒಮ್ಮೆ ಹೆಜ್ಜೆ ಹಾಕಿ ಅಳೆದು ನೋಡಿ. ಶರ್ಯತ್ತಿನಲ್ಲಿ ಸುರಕ್ಷಿತವಾಗಿ ನಿಲ್ಲುವ ಜಾಗ 25ರಿಂದ 50 ಮೀಟರ್. ಜಾತ್ರೆಯ ಗದ್ದಲದಲ್ಲಿ 10ರಿಂದ 20. ನಿಮ್ಮ ಕಾಕಾನ ಕುದುರೆ ನಿಂತಾಗ ನೀವು ಎಷ್ಟು ಹಿಂದೆ ಬೇಕಾದರೂ ಹೋಗಬಹುದು. ಹಾಗಾಗಿ ನಿಮಗೆ ಬೇಕಾದ ಲೆನ್ಸ್ 70-300 ಅಥವಾ 55-250 ಎಂಎಂ ಜೂಮ್. ಈ ಅಳತೆಯ ಸೆನ್ಸರಿನ ಯಾವ ಬಾಡಿ ಕೊಂಡರೂ ಇದು ಬದಲಾಗುವುದಿಲ್ಲ.

ಇನ್ನು ತಲೆ ದಪ್ಪ ಬರುವ ವಿಷಯ. ಅದು ಮೊಬೈಲಿನ ದೋಷ ಅಲ್ಲ, ನೀವು ನಿಂತ ದೂರದ ಫಲ. ಮೊಬೈಲ್ ಲೆನ್ಸ್ ಅಗಲವಾಗಿ ನೋಡುತ್ತದೆ. ಕುದುರೆ ದೊಡ್ಡದಾಗಿ ಕಾಣಲಿ ಅಂತ ನೀವು ಹತ್ತಿರ ಹೋಗುತ್ತೀರಿ. ಮೂತಿ ಒಂದು ಮೀಟರ್ ದೂರ, ಬಾಲದ ಬುಡ ಮೂರು ಮೀಟರ್ ದೂರ ಆದರೆ ಮೂತಿ ಮೂರು ಪಟ್ಟು ದೊಡ್ಡದಾಗಿ ಕಾಣಲೇಬೇಕು, ಅಲ್ವಾ? ಹತ್ತು ಮೀಟರ್ ಹಿಂದೆ ಹೋದರೆ ಮೂತಿಗೆ ಹತ್ತು, ಬಾಲಕ್ಕೆ ಹನ್ನೆರಡು. ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಕುದುರೆ ತನ್ನ ನಿಜವಾದ ಮೈಕಟ್ಟಿನಲ್ಲಿ ಕಾಣುತ್ತದೆ. ಕುದುರೆ ಸಾಕಿದವರು ದುಡ್ಡು ಕೊಡುವುದು ಈ ಮೈಕಟ್ಟಿಗೇ. ಕತ್ತು, ಎದೆ, ಬೆನ್ನಿನ ಗೆರೆ, ಕಾಲು ಇದ್ದ ಹಾಗೇ ಬರಬೇಕು. ಕ್ಯಾಮೆರಾವನ್ನು ನಿಮ್ಮ ಕಣ್ಣಿನ ಎತ್ತರಕ್ಕೆ ಹಿಡಿಯದೆ, ಮಂಡಿಯೂರಿ ಕುದುರೆಯ ಎದೆಯ ಎತ್ತರಕ್ಕೆ ಹಿಡಿಯಿರಿ. ಮೇಲಿಂದ ತೆಗೆದರೆ ಕಾಲು ಗಿಡ್ಡ ಆಗುತ್ತವೆ. ಹತ್ತಿರದ ಮುಂಗಾಲು ನೆಟ್ಟಗೆ ನಿಂತಿರಬೇಕು, ನಾಲ್ಕೂ ಕಾಲು ಬಿಡಿಬಿಡಿಯಾಗಿ ಕಾಣಬೇಕು, ಕಿವಿ ಮುಂದಕ್ಕೆ ಇರಬೇಕು. ಕಿವಿ ಮುಂದೆ ಬರಲು ಯಾರಾದರೂ ಒಬ್ಬರು ಸ್ವಲ್ಪ ದೂರದಲ್ಲಿ ಹುಲ್ಲು ಅಲ್ಲಾಡಿಸಿದರೂ ಸಾಕು.

ಉದ್ದ ಲೆನ್ಸಿನ ಇನ್ನೊಂದು ಲಾಭ ನಿಮ್ಮ ಊರಿನಲ್ಲೇ ಇದೆ. ಗೋಲಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ. ನೀವು ಅದರಿಂದ 400 ಮೀಟರ್ ದೂರ ನಿಲ್ಲಿ. ಟಾಂಗಾ ನಿಮ್ಮಿಂದ 20 ಮೀಟರ್ ದೂರ ಇರಲಿ. 100 ಎಂಎಂ ಲೆನ್ಸಿನಲ್ಲಿ ನೋಡಿದರೆ ಕುದುರೆ ಚಿತ್ರದ ಅರ್ಧ ಅಗಲ ಬರುತ್ತದೆ, ಗುಮ್ಮಟವೂ ಹೆಚ್ಚೂಕಡಿಮೆ ಅರ್ಧ ಅಗಲ ಬರುತ್ತದೆ. ಎರಡೂ ಸರಿಸಮ. ಇದೇ ಫೋಟೋವನ್ನು ಮೊಬೈಲಿನಲ್ಲಿ ಕುದುರೆಯ ಪಕ್ಕ ನಿಂತು ತೆಗೆದರೆ ಗುಮ್ಮಟ ಹಿಂದೆ ಬಟಾಣಿ ಕಾಳಿನಷ್ಟು ಕಾಣುತ್ತದೆ. ಕುದುರೆ, ಗುಮ್ಮಟ ಎರಡೂ ಆದಷ್ಟು ಸ್ಪಷ್ಟವಾಗಿ ಬರಲಿ ಅಂದರೆ ಎಫ್ 11 ಇಡಿ. ಎಫ್ ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಬೆಳಗ್ಗೆ ಏಳರ ಸುಮಾರಿಗೆ, ರಸ್ತೆಯಲ್ಲಿ ಗಾಡಿಗಳು ಕಮ್ಮಿ ಇರುವಾಗ ಹೋಗಿ. ಗುಮ್ಮಟವನ್ನು ಈ ರೀತಿ ಟಾಂಗಾದ ಜೊತೆ ಕೂರಿಸಿದ ಒಳ್ಳೆ ಫೋಟೋಗಳು ಇನ್ನೂ ಬಹಳ ಬರಬೇಕು. ಟಾಂಗಾಗಳು ವರ್ಷ ವರ್ಷ ಕಮ್ಮಿಯಾಗುತ್ತಿರುವಾಗ ನಿಮ್ಮಂಥವರೇ ಇದನ್ನು ಮಾಡಬೇಕು ಅಂತ ನನಗೆ ಬಹಳ ಅನಿಸುತ್ತದೆ.

ಈಗ ಕಾಲು ಮಸುಕಾಗುವ ವಿಷಯಕ್ಕೆ ಬರೋಣ. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಓಡುವ ಕುದುರೆ ಒಂದು ಸೆಕೆಂಡಿಗೆ 15 ಮೀಟರ್ ಹೋಗುತ್ತದೆ. ಶಟರ್, ಅಂದರೆ ಬೆಳಕು ಬಿಡುವ ಪರದೆ, 1/250 ಸೆಕೆಂಡಿಗೆ ಇಟ್ಟರೆ, ಅದು ತೆರೆದು ಮುಚ್ಚುವಷ್ಟರಲ್ಲಿ ಕುದುರೆ 6 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/1000ಕ್ಕೆ ಒಂದೂವರೆ ಸೆಂಟಿಮೀಟರ್. 1/1600ಕ್ಕೆ ಒಂದು ಸೆಂಟಿಮೀಟರಿಗೂ ಸ್ವಲ್ಪ ಕಮ್ಮಿ. ಕುದುರೆಯ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಮೈ ಮಸುಕಾಗುವುದು ತಪ್ಪುತ್ತದೆ. ಕಾಲಿಗೆ ಆ ಉಪಾಯ ನಡೆಯುವುದಿಲ್ಲ. ನೆಲಕ್ಕೆ ಊರಿದ ಗೊರಸು ಆ ಕ್ಷಣ ನಿಂತೇ ಇರುತ್ತದೆ, ಮುಂದಕ್ಕೆ ಬೀಸಿದ ಗೊರಸು ಮೈಗಿಂತ ಜೋರಾಗಿ ಹೋಗುತ್ತಿರುತ್ತದೆ. ಆದ್ದರಿಂದ ನಾಗಾಲೋಟಕ್ಕೆ 1/1600ರಿಂದ 1/2000, ಟಾಂಗಾ ಕುದುರೆಯ ಕುಕ್ಕುಲೋಟಕ್ಕೆ 1/800, ನಡೆಯುವ ಕುದುರೆಗೆ 1/250 ಅಂತ ನೆನಪಿಡಿ. ಲೆನ್ಸಿನಲ್ಲಿರುವ ಅಲುಗಾಟ ತಡೆಯುವ ವ್ಯವಸ್ಥೆ ನಿಮ್ಮ ಕೈ ನಡುಕವನ್ನು ಮಾತ್ರ ತಡೆಯುತ್ತದೆ. ಕುದುರೆಯ ಓಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಶಟರ್ ಇಷ್ಟು ಬೇಗ ಮುಚ್ಚಿದರೆ ಬೆಳಕು ಸಾಲದು. ಕ್ಯಾಮೆರಾದ ನಿಜವಾದ ಪರೀಕ್ಷೆ ಇಲ್ಲೇ. ವಿಜಯಪುರದ ಮಧ್ಯಾಹ್ನದ ಬಿಸಿಲಿನಲ್ಲಿ 1/1600, ಎಫ್ 5.6 ಇಟ್ಟರೆ ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ, 200 ಸಾಕು. ಇದನ್ನು ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ. ಮಳೆಗಾಲದ ದಟ್ಟ ಮೋಡ ಇದ್ದರೆ 1600 ಬೇಕು. ಸೂರ್ಯ ಮುಳುಗುವ ಹೊತ್ತಿಗೆ 3200 ದಾಟುತ್ತದೆ. ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಅಂಕಲಿ ಗೊತ್ತಲ್ವಾ? ಪಂಢರಪುರಕ್ಕೆ ಹೋಗುವ ಸಂತ ಜ್ಞಾನೇಶ್ವರ ಮಾವುಲಿ ಪಾಲಕಿಯ ಮುಂದೆ ನಡೆಯುವ ಕುದುರೆಗಳು ಆ ಊರಿನಿಂದಲೇ ಪುಣೆ ಹತ್ತಿರದ ಆಳಂದಿಗೆ ನಡೆದು ಹೋಗುತ್ತವೆ. ಒಂದು ಕುದುರೆಯ ಮೇಲೆ ಧ್ವಜ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಮೇಲೆ ಯಾರೂ ಕೂರುವುದಿಲ್ಲ, ಅದು ಮಾವುಲಿಯ ಕುದುರೆ. ಹೊರಡುವುದು ಕಾರ ಹುಣ್ಣಿಮೆಯ ಆಸುಪಾಸು. ಆಗ ನಮ್ಮ ಕಡೆ ಮೋಡ ಕವಿದಿರುತ್ತದೆ. ಅಂಥ ಬೆಳಕಿನಲ್ಲಿ ಕೈಕೊಡುವ ಕ್ಯಾಮೆರಾ ಕೊಂಡರೆ ಇಂಥ ಒಂದು ದೃಶ್ಯಕ್ಕೆ ಇಡೀ ವರ್ಷ ಕಾಯಬೇಕಾಗುತ್ತದೆ.

ಲೆನ್ಸಿನ ಮೇಲೆ ಬರೆದ ಎಫ್ ಸಂಖ್ಯೆ ಇಲ್ಲಿ ಮುಖ್ಯ. ಎಫ್ 5.6ರಲ್ಲಿ 3200 ಬೇಕಾದ ಬೆಳಕಿಗೆ ಎಫ್ 7.1ರಲ್ಲಿ 5000 ಬೇಕು. ಎಫ್ 2.8 ಇದ್ದರೆ 800 ಸಾಕು. ಆದರೆ 70-200 ಎಫ್ 2.8 ಲೆನ್ಸ್ ಒಂದೂವರೆ ಕಿಲೋದಷ್ಟು ತೂಗುತ್ತದೆ, ಬೆಲೆಯೂ ನಿಮ್ಮ ಕೂಡಿಟ್ಟ ದುಡ್ಡು ಮೀರಬಹುದು. ಅದು ಎರಡನೇ ಹಂತದ ಮಾತು.

ನಿಮ್ಮ ಮಾಮಾನ ಮಗ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಫುಲ್ ಫ್ರೇಮ್ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಎತ್ತರ. ಎಪಿಎಸ್-ಸಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ. ಮಬ್ಬು ಬೆಳಕಿನಲ್ಲಿ ಫೋಟೋ ಸ್ವಚ್ಛವಾಗಿ ಬರುತ್ತದೆ. ಆದರೆ ಮೇಲಿನ ಲೆಕ್ಕದಲ್ಲಿ 23.5ರ ಬದಲು 36 ಹಾಕಿ ನೋಡಿ. ಎಪಿಎಸ್-ಸಿಯಲ್ಲಿ 200 ಎಂಎಂ ಮಾಡುವ ಕೆಲಸಕ್ಕೆ ಅಲ್ಲಿ 300 ಬೇಕು, 300 ಮಾಡುವ ಕೆಲಸಕ್ಕೆ 450. ಆ ಉದ್ದದ ಲೆನ್ಸಿಗೆ ದುಡ್ಡು ಎಲ್ಲಿಂದ ತರುತ್ತೀರಿ? ಮದುವೆ ಮಂಟಪದಲ್ಲಿ ರಾತ್ರಿ ಕೆಲಸ ಮಾಡುವವರಿಗೆ ಫುಲ್ ಫ್ರೇಮ್ ಸರಿ. ರಸ್ತೆ ಬದಿ ನಿಂತು ಕುದುರೆ ತೆಗೆಯುವವರಿಗೆ, ಅದೂ ಮೊದಲ ಕ್ಯಾಮೆರಾಕ್ಕೆ, ನಾನು ಹೇಳುವುದಿಲ್ಲ.

1500ಡಿ 2018ರ ಕ್ಯಾಮೆರಾ. 24 ಮೆಗಾಪಿಕ್ಸೆಲ್ ಇದೆ, ನಿಂತ ಕುದುರೆಗೆ ಚೆನ್ನಾಗಿಯೇ ಬರುತ್ತದೆ. ಆದರೆ ಅದು ಸೆಕೆಂಡಿಗೆ ಮೂರು ಫೋಟೋ ಮಾತ್ರ ತೆಗೆಯುತ್ತದೆ, ಫೋಕಸ್ ಬಿಂದು ಒಂಬತ್ತೇ. ಮೂರು ಯಾಕೆ ಸಾಲದು ಅಂತ ಹೇಳುತ್ತೇನೆ. ನಾಗಾಲೋಟದಲ್ಲಿ ಕುದುರೆ ಒಂದು ಸೆಕೆಂಡಿನಲ್ಲಿ ಎರಡಕ್ಕಿಂತ ಜಾಸ್ತಿ ಸಲ ಪೂರ್ತಿ ಹೆಜ್ಜೆಯ ಸುತ್ತು ಮುಗಿಸುತ್ತದೆ. ಒಂದು ಸುತ್ತಿಗೆ ನಿಮಗೆ ಸಿಗುವುದು ಒಂದು, ಅಪರೂಪಕ್ಕೆ ಎರಡು ಫೋಟೋ. ಕಾಲು ಯಾವ ಸ್ಥಿತಿಯಲ್ಲಿದ್ದಾಗ ಸಿಗುತ್ತದೋ ದೇವರಿಗೇ ಗೊತ್ತು. ಸೆಕೆಂಡಿಗೆ ಎಂಟು ಹತ್ತು ತೆಗೆಯುವ ಕ್ಯಾಮೆರಾ ಒಂದು ಸುತ್ತಿಗೆ ನಾಲ್ಕರಷ್ಟು ಕೊಡುತ್ತದೆ. ಅದರಲ್ಲಿ ಒಂದು ಚಂದದ್ದು ಇದ್ದೇ ಇರುತ್ತದೆ.

ಆ ಚಂದದ ಕ್ಷಣ ಯಾವುದು ಅನ್ನುವುದೂ ತಿಳಿದಿರಲಿ. ಹಿಂದೆ ಚಿತ್ರಕಾರರು ಓಡುವ ಕುದುರೆಯನ್ನು ಮುಂಗಾಲು ಮುಂದೆ, ಹಿಂಗಾಲು ಹಿಂದೆ ಚಾಚಿ, ಗಾಳಿಯಲ್ಲಿ ಈಜುವಂತೆ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯ ಪಕ್ಕ ಸಾಲಾಗಿ ಕ್ಯಾಮೆರಾ ಜೋಡಿಸಿ ಓಡುವ ಕುದುರೆಯ ಫೋಟೋ ತೆಗೆದರು. ನಾಗಾಲೋಟದಲ್ಲಿ ನಾಲ್ಕೂ ಗೊರಸು ನೆಲ ಬಿಡುವುದು ನಿಜ, ಆದರೆ ಆ ಕ್ಷಣದಲ್ಲಿ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ ಅಂತ ಲೋಕಕ್ಕೆ ಗೊತ್ತಾಯಿತು. ಈ ಮಡಚಿದ ಫೋಟೋ ವಿಜ್ಞಾನಕ್ಕೆ ದೊಡ್ಡದು. ಆದರೆ ಕುದುರೆ ಯಜಮಾನನಿಗೆ ತೋರಿಸಿದರೆ ಅವನ ಮುಖ ಅರಳುವುದಿಲ್ಲ. ಅವನಿಗೆ ಬೇಕಾದದ್ದು ಮುಂಗಾಲು ಪೂರ್ತಿ ಮುಂದೆ ಚಾಚಿ, ಎದೆ ತೆರೆದು, ಜೂಲು ಹಾರುತ್ತಿರುವ ಕ್ಷಣ. ಕುಕ್ಕುಲೋಟದಲ್ಲಿ ಇದು ಸುಲಭ. ಒಂದು ಕಡೆಯ ಮುಂಗಾಲು, ಇನ್ನೊಂದು ಕಡೆಯ ಹಿಂಗಾಲು ಒಟ್ಟಿಗೆ ಏಳುತ್ತವೆ, ಟಕ್ ಟಕ್ ಅಂತ ಎರಡೇ ತಾಳ. ಒಂದು ವಾರ ಕಾಕಾನ ಟಾಂಗಾ ಹಿಂದೆ ಅಭ್ಯಾಸ ಮಾಡಿದರೆ ಕಿವಿಯಿಂದಲೇ ಕ್ಷಣ ಹಿಡಿಯಬಹುದು. ಚಿಕ್ಕಂದಿನಿಂದ ಆ ಸದ್ದು ಕೇಳಿ ಬೆಳೆದ ನಿಮಗೆ ಇದರಲ್ಲಿ ದೊಡ್ಡ ಅನುಕೂಲ ಇದೆ.

ಫೋಟೋ ಬೇಗ ತೆಗೆದರೆ ಸಾಲದು, ಅದನ್ನು ಕ್ಯಾಮೆರಾ ಒಳಗೆ ಹಿಡಿದಿಟ್ಟುಕೊಳ್ಳಲೂ ಬೇಕು. ಬಫರ್ ಅನ್ನುವುದು ಇದಕ್ಕೇ. ನಾನು ಎರಡನೇ ಸಲ ಕೊಂಡ ಕ್ಯಾಮೆರಾ ವೇಗವಾಗಿಯೇ ಇತ್ತು. ಆದರೆ ಒಂದೂವರೆ ಸೆಕೆಂಡಿಗೆ ಅದರ ಬಫರ್ ತುಂಬುತ್ತಿತ್ತು. ಅಥಣಿ ಕಡೆ ಒಂದು ಶರ್ಯತ್ತಿನಲ್ಲಿ ಎರಡು ಗಾಡಿ ಸಮಸಮ ಬರುತ್ತಿದ್ದವು. ದೂರದಲ್ಲಿದ್ದಾಗಲೇ ಬಟನ್ ಒತ್ತಿ ಹಿಡಿದೆ. ಅವು ಗೆರೆ ದಾಟುವ ಹೊತ್ತಿಗೆ ಕೆಂಪು ದೀಪ ಮಿನುಗುತ್ತಿತ್ತು, ಶಟರ್ ಬೀಳಲಿಲ್ಲ. ಅವತ್ತಿನಿಂದ ಒಂದು ಪಾಠ ಇಟ್ಟುಕೊಂಡಿದ್ದೇನೆ. ನಾಲ್ಕೈದು ಫೋಟೋ ತೆಗೆದು ಬೆರಳು ಎತ್ತುತ್ತೇನೆ, ಮತ್ತೆ ಒತ್ತುತ್ತೇನೆ.

ಸೋನಿ ಜೆಡ್‌ವಿ-ಇ10ಕ್ಕೆ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಇಲ್ಲ. ಅದನ್ನು ಮಾಡಿರುವುದೇ ವಿಡಿಯೋ ಮಾಡುವವರಿಗೆ ಅಂತ. ನಮ್ಮ ಬಿಸಿಲಿನಲ್ಲಿ ಹಿಂದಿನ ಸ್ಕ್ರೀನ್ ನೋಡಿಕೊಂಡು ಓಡುವ ಕುದುರೆಯನ್ನು ಉದ್ದ ಲೆನ್ಸಿನಲ್ಲಿ ಹಿಂಬಾಲಿಸಲು ಆಗುವುದಿಲ್ಲ. ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡಾಗಲೇ ಕೈ ಗಟ್ಟಿ ನಿಲ್ಲುವುದು. ಇದನ್ನು ಬಿಟ್ಟುಬಿಡಿ.

ಹಾಗಾದರೆ ಉಳಿದ ದಾರಿ ಎರಡು. ಒಂದು, ಹೊಸ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ. ನಿಮ್ಮ ದುಡ್ಡಿನ ಹತ್ತಿರ ಬರುವುದು ಕ್ಯಾನನ್ ಆರ್50. ಇದು 2023ರದ್ದು, ಸೆಕೆಂಡಿಗೆ 12 ಫೋಟೋ, ಹಗುರ, ವಾರಂಟಿ ಇದೆ, ಪ್ರಾಣಿಯನ್ನು ತಾನೇ ಗುರುತಿಸಿ ಫೋಕಸ್ ಹಿಡಿಯುತ್ತದೆ. ಕೊರತೆ ಅಂದರೆ ಬಫರ್ ಸಣ್ಣದು, ಬ್ಯಾಟರಿ ಸಣ್ಣದು, ಧೂಳು ತಡೆಯುವ ಸೀಲ್ ಇಲ್ಲ. ಇದಕ್ಕೆ ಜೋಡಿಯಾಗಿ ಮಾರುವ 55-210 ಲೆನ್ಸ್ ಉದ್ದದ ತುದಿಯಲ್ಲಿ ಎಫ್ 7.1. ಸಂಜೆ ಅದರ ನಷ್ಟ ಎಷ್ಟು ಅಂತ ಮೇಲೆ ನೋಡಿದಿರಲ್ಲ.

ಇನ್ನೊಂದು, ಒಳ್ಳೆ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಹಳೇ ಮಾದರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತೇನೆ. ನಿಕಾನ್ ಡಿ7500 ಹುಡುಕಿ. 2017ರ ಕ್ಯಾಮೆರಾ, 20.9 ಮೆಗಾಪಿಕ್ಸೆಲ್, ಸೆಕೆಂಡಿಗೆ ಎಂಟು ಫೋಟೋ, 51 ಫೋಕಸ್ ಬಿಂದು. ರಾ ಅನ್ನುವ ದೊಡ್ಡ ಕಚ್ಚಾ ಫೈಲಿನಲ್ಲೂ ಒಂದೇ ಉಸಿರಿಗೆ 50ರವರೆಗೆ ತೆಗೆಯುತ್ತದೆ. ಧೂಳು, ತುಂತುರಿಗೆ ಸೀಲ್ ಇದೆ. ಒಂದು ಬ್ಯಾಟರಿಗೆ 950 ಫೋಟೋ ಅಂತ ಕಂಪನಿಯ ಲೆಕ್ಕ. ಇದಕ್ಕೆ ನಿಕಾನ್‌ನದೇ ಎಎಫ್-ಪಿ 70-300 ವಿಆರ್ ಲೆನ್ಸ್ ಹಾಕಿ. ವಿಆರ್, ಅಂದರೆ ಅಲುಗಾಟ ತಡೆಯುವ ವ್ಯವಸ್ಥೆ, ಇಲ್ಲದ 70-300 ಕೂಡ ಇದೆ, ಹೆಸರು ಪೂರ್ತಿ ಓದಿ ತೆಗೆದುಕೊಳ್ಳಿ. ಇದರ ಫೋಕಸ್ ಮೋಟಾರು ಬಹಳ ಚುರುಕು, ಸದ್ದೂ ಇಲ್ಲ. ಕ್ಯಾನನ್ ಕಡೆಗೇ ಒಲವಿದ್ದರೆ 80ಡಿ ನೋಡಿ. 2016ರದ್ದು, ಸೆಕೆಂಡಿಗೆ ಏಳು ಫೋಟೋ, 45 ಬಿಂದು. ಜೊತೆಗೆ 55-250 ಎಸ್‌ಟಿಎಂ ಇರಲಿ. ಕ್ಯಾನನ್ 75-300 ಅಂತ ಒಂದು ಹಳೇ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ, ಅದು ಬೇಡ. ಫೋಕಸ್ ನಿಧಾನ, 300ರಲ್ಲಿ ಚಿತ್ರ ಮೆತ್ತಗೆ ಬರುತ್ತದೆ.

ಹೊಸ ಕಾಲದ ಕಣ್ಣು ಹಿಡಿಯುವ ಫೋಕಸ್ ಬಿಟ್ಟು ಹಳೇದಕ್ಕೆ ಯಾಕೆ ಹೋಗಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ ನೀವು ತೆಗೆಯುವ ಕುದುರೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಗಾಡಿಗೆ ಹೂಡಿದ ಕುದುರೆಗೆ ಕಣ್ಣುಪಟ್ಟಿ ಕಟ್ಟಿರುತ್ತಾರೆ. ಪಕ್ಕದಿಂದ ಕಣ್ಣೇ ಕಾಣುವುದಿಲ್ಲ. ಇನ್ನು ಕ್ಯಾಮೆರಾ ಹಿಡಿಯುವುದಾದರೂ ಏನನ್ನು? ಅಲ್ಲಿ ನೀವೇ ಕೆನ್ನೆಯ ಮೇಲೋ ಭುಜದ ಮೇಲೋ ಫೋಕಸ್ ಇಡಬೇಕು. ಆ ಕೆಲಸವನ್ನು ಡಿ7500 ಚೆನ್ನಾಗಿ ಮಾಡುತ್ತದೆ. ಮುಂದೆ ಮಿರರ್‌ಲೆಸ್‌ಗೆ ಹೋದರೂ ಎಫ್‌ಟಿಜೆಡ್ ಅಡಾಪ್ಟರ್ ಹಾಕಿದರೆ ಇದೇ 70-300 ನಿಕಾನ್ ಜೆಡ್ ಕ್ಯಾಮೆರಾಗಳಲ್ಲಿ ಆಟೋಫೋಕಸ್ ಸಮೇತ ನಡೆಯುತ್ತದೆ. ಲೆನ್ಸಿಗೆ ಹಾಕಿದ ದುಡ್ಡು ಎಲ್ಲೂ ಹೋಗುವುದಿಲ್ಲ.

ಮಿರರ್‌ಲೆಸ್ಸೇ ಕೊಂಡರೆ ಒಂದು ಎಚ್ಚರಿಕೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಓಟದ ಗಾಡಿ ತೆಗೆಯಬೇಡಿ. ಈ ದರ್ಜೆಯ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ಗಾಲಿ ತಿರುಗಿರುತ್ತದೆ. ದುಂಡನೆ ಗಾಲಿ ಮೊಟ್ಟೆಯಂತೆ, ಕಾಲು ವಾರೆಯಾಗಿ ಬರುತ್ತವೆ. ಬೆದರುವ ಸ್ವಭಾವದ ಕುದುರೆ ಸುಮ್ಮನೆ ನಿಂತಾಗ ಮಾತ್ರ ಆ ಸದ್ದಿಲ್ಲದ ಶಟರ್ ಬಹಳ ಉಪಯೋಗ.

20.9 ಮೆಗಾಪಿಕ್ಸೆಲ್ ಕಮ್ಮಿ ಆಯಿತಾ ಅನ್ನುವ ಚಿಂತೆ ಬೇಡ. ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಅಷ್ಟು ಸರಿಯಾಗಿ ಸಾಕು.

85,000ವನ್ನು ಪೂರ್ತಿ ಸುರಿಯಬೇಡಿ. ಅರ್ಧದಷ್ಟು ಬಾಡಿಯ ಮೇಲೆ, ಮೂರನೇ ಒಂದು ಪಾಲಿನೊಳಗೆ ಲೆನ್ಸಿನ ಮೇಲೆ ಹಾಕಿ. ಉಳಿದದ್ದರಲ್ಲಿ ಎರಡನೇ ಬ್ಯಾಟರಿ, ವಿ30 ಗುರುತಿನ 64 ಜಿಬಿ ಕಾರ್ಡ್ ಎರಡು, ಲೆನ್ಸಿನ ಮುಂದೆ ಹಾಕುವ ಫಿಲ್ಟರ್, ಗಾಳಿ ಊದುವ ರಬ್ಬರ್ ಬುಗ್ಗೆ. ಐದು ಸಾವಿರ ಕೈಯಲ್ಲಿ ಉಳಿಸಿ, ಊರೂರು ತಿರುಗಲು ಬೇಕಾಗುತ್ತದೆ. ಧೂಳಿನಲ್ಲಿ ಲೆನ್ಸ್ ಬಿಚ್ಚಬೇಡಿ. ಶರ್ಯತ್ತಿಗೆ ಹೋಗುವಾಗ ಮನೆಯಲ್ಲೇ ಉದ್ದ ಲೆನ್ಸ್ ಹಾಕಿ, ಮನೆಗೆ ಬಂದ ಮೇಲೇ ಬಿಚ್ಚಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಸಲು ಹಿಡಿಯುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ಅವಸರ ಮಾಡಬೇಡಿ. ಹಗಲಲ್ಲಿ ಹೋಗಿ. ಬಿಲ್ಲಿನ ಮೇಲಿನ ಸೀರಿಯಲ್ ನಂಬರ್ ಬಾಡಿಯ ತಳದ ನಂಬರಿಗೆ ಹೊಂದಬೇಕು. ಶಟರ್ ಕೌಂಟ್, ಅಂದರೆ ಈವರೆಗೆ ಶಟರ್ ಎಷ್ಟು ಸಲ ಬಿದ್ದಿದೆ ಅಂತ, ಕೇಳಿ. ಡಿ7500ದ ಶಟರನ್ನು ಒಂದೂವರೆ ಲಕ್ಷ ಸಲಕ್ಕೆ, 80ಡಿಯದ್ದನ್ನು ಒಂದು ಲಕ್ಷಕ್ಕೆ ಪರೀಕ್ಷೆ ಮಾಡಿರುತ್ತಾರೆ. 40 ಸಾವಿರದ ಒಳಗಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಎಫ್ 16 ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ, ಕಪ್ಪು ಚುಕ್ಕಿ ಕಂಡರೆ ಸೆನ್ಸರಿನಲ್ಲಿ ಧೂಳಿದೆ. ಮೊಬೈಲ್ ಟಾರ್ಚ್ ಹಾಕಿ ಲೆನ್ಸಿನ ಒಳಗೆ ನೋಡಿ. ಜೇಡರ ಬಲೆಯಂಥ ಗೆರೆ ಕಂಡರೆ ಅದು ಬೂಸಲು, ಎಷ್ಟೇ ಅಗ್ಗ ಕೊಟ್ಟರೂ ವಾಪಸ್ ಕೊಟ್ಟು ಬನ್ನಿ. ಕೊನೆಗೆ ರಸ್ತೆಗೆ ಬಂದು, ನಿಮ್ಮ ಕಡೆ ಬರುತ್ತಿರುವ ಆಟೋದ ನಂಬರ್ ಪ್ಲೇಟ್ ಮೇಲೆ ಫೋಕಸ್ ಇಟ್ಟು ಒಂದೇ ಸಮನೆ 20 ಫೋಟೋ ತೆಗೆಯಿರಿ. ಹದಿನೈದರಲ್ಲಾದರೂ ನಂಬರ್ ಓದಲು ಬರಬೇಕು. ಇದಕ್ಕೆ ಒಪ್ಪದ ಮಾರಾಟಗಾರನ ಹತ್ತಿರ ಕೊಳ್ಳಬೇಡಿ.

ಕ್ಯಾಮೆರಾ ಕೈಗೆ ಬಂದ ದಿನ ಮಾಡಬೇಕಾದ ಸೆಟ್ಟಿಂಗ್ ಹೇಳಿಬಿಡುತ್ತೇನೆ. ಎಂ (ಮ್ಯಾನುಯಲ್) ಮೋಡ್, ಶಟರ್ 1/1600, ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು, ಐಎಸ್ಒ ಆಟೋ, ಮಿತಿ 6400. ಫೋಕಸ್ ಎಎಫ್-ಸಿ, ಅಂದರೆ ಚಲಿಸುವುದನ್ನು ಹಿಂಬಾಲಿಸುವ ಫೋಕಸ್. ಜಾಸ್ತಿ ವೇಗದ ಸಾಲು ಫೋಟೋ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ಬೂದು ಬಣ್ಣಕ್ಕೆ ಎಳೆಯುತ್ತದೆ ಅನ್ನುವುದು ನೆನಪಿರಲಿ. ಚಿತ್ರ ತುಂಬ ಬಿಳಿ ನುಕ್ರಾ ಕುದುರೆ ಇದ್ದರೆ ಅದು ಮಣ್ಣು ಬಣ್ಣಕ್ಕೆ ತಿರುಗುತ್ತದೆ, ಎಕ್ಸ್‌ಪೋಶರ್ ಹೊಂದಾಣಿಕೆ +0.7 ಮಾಡಿ. ಕಪ್ಪು ಕುದುರೆ ಬೂದಿ ಬಣ್ಣಕ್ಕೆ ಬರುತ್ತದೆ, −0.7 ಮಾಡಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಕುದುರೆಯ ಬೆನ್ನು ಸುಣ್ಣದಂತೆ ಬಿಳಚಿಕೊಳ್ಳುತ್ತದೆ. ಆಗ ಏರಿಸಬೇಡಿ, ತೆಗೆದ ಫೋಟೋದ ಬೆನ್ನನ್ನು ದೊಡ್ಡದು ಮಾಡಿ ನೋಡಿ ಸರಿ ಮಾಡಿಕೊಳ್ಳಿ. ಫ್ಲಾಶ್ ಎಂದೂ ಬೇಡ.

ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮತ್ತೆ ಹೇಳುತ್ತೇನೆ, ಯಾಕಂದ್ರೆ ಇದು ಪ್ರಾಣದ ವಿಷಯ. ಕುದುರೆ ತನ್ನ ಸುತ್ತ ಬಹುಪಾಲು ನೋಡಬಲ್ಲದು. ಆದರೆ ನೇರ ಹಿಂದೆ, ಮತ್ತು ಹಣೆಯ ಮುಂದೆ ತೀರಾ ಹತ್ತಿರ ಅದಕ್ಕೆ ಕಾಣುವುದಿಲ್ಲ. ಕಣ್ಣುಪಟ್ಟಿ ಕಟ್ಟಿದರೆ ಪಕ್ಕವೂ ಕಾಣುವುದಿಲ್ಲ. ಶರ್ಯತ್ತಿನಲ್ಲಿ ರಸ್ತೆ ತಿರುವಿನ ಹೊರಬದಿಯಲ್ಲಿ ಎಂದೂ ನಿಲ್ಲಬೇಡಿ, ಗಾಡಿ ಹಿಡಿತ ತಪ್ಪಿದರೆ ಬರುವುದು ಆ ಕಡೆಗೇ. ಒಳಬದಿಯಲ್ಲಿ, ಸ್ವಲ್ಪ ಎತ್ತರದ ಬದುವಿನ ಮೇಲೆ ನಿಲ್ಲಿ. ಬೈಕಿನ ಹಿಂದೆ ಕೂತು, ಓಡುವ ಕುದುರೆಯ ಪಕ್ಕ ಹಾರ್ನ್ ಹೊಡೆಯುತ್ತಾ ವಿಡಿಯೋ ಮಾಡುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. 300 ಎಂಎಂ ಲೆನ್ಸ್ ಇದ್ದವರಿಗೆ ಅದರ ಅಗತ್ಯವೇ ಇಲ್ಲ.

ಸಂಕ್ರಾಂತಿ ಜಾತ್ರೆ ಅಂದಿರಿ, ಸಿದ್ಧೇಶ್ವರ ಜಾತ್ರೆ ಇರಬೇಕು. ಅದಕ್ಕೆ ಮೊದಲು ಎರಡು ವಾರ ಅಭ್ಯಾಸಕ್ಕೆ ಸಿಗುವಂತೆ ಕೊಳ್ಳಿ. ಭೀಮಾ ತೀರದ ಕಡೆ, ಇಂಡಿ, ಸಿಂದಗಿ ದಾರಿಯಲ್ಲಿ ಕುರಿ ಹಿಂಡಿನ ಜೊತೆ ಮನೆ ಸಾಮಾನು ಹೊತ್ತು ನಡೆಯುವ ತಟ್ಟುಗಳು ಸಿಗುತ್ತವೆ. ಭೀಮಥಡಿ ಅನ್ನುವ ಕುದುರೆ ತಳಿಗೆ ಹೆಸರು ಬಂದದ್ದೇ ಈ ಭೀಮೆಯ ದಡದಿಂದ. ಕುರಿಗಾಹಿಗಳನ್ನು ಕೇಳಿ, ನಾಯಿ ಕಟ್ಟಿಸಿಕೊಂಡು, ಅವುಗಳ ನಡಿಗೆ ತೆಗೆಯಿರಿ. ನಿಧಾನ ನಡೆಯುತ್ತವೆ, ತಪ್ಪಿದರೆ ಇನ್ನೊಂದು ಅವಕಾಶ ಕೊಡುತ್ತವೆ. ಆಮೇಲೆ ಕಾಕಾನ ಟಾಂಗಾ. ಶಟರ್ 1/40ಕ್ಕೆ ಇಳಿಸಿ, ಕುದುರೆಯ ಜೊತೆ ಸೊಂಟದಿಂದ ತಿರುಗುತ್ತಾ ತೆಗೆಯಿರಿ. ಗಾಲಿಯ ಅರಗಳು ಕರಗಿ, ರಸ್ತೆ ಕರಗಿ, ಕುದುರೆಯ ಮುಖ ಮಾತ್ರ ಸ್ಪಷ್ಟವಾಗಿ ನಿಲ್ಲುತ್ತದೆ. ಐವತ್ತರಲ್ಲಿ ಎರಡು ಬಂದರೆ ಒಳ್ಳೆಯ ದಿನ. ಆ ಎರಡರಲ್ಲಿ ಒಂದನ್ನು 12×18 ಪ್ರಿಂಟ್ ಹಾಕಿಸಿ ಟಾಂಗಾ ಸ್ಟ್ಯಾಂಡಿಗೆ ತೆಗೆದುಕೊಂಡು ಹೋಗಿ. ಅಲ್ಲಿರುವವರಿಗೆಲ್ಲ ಕುದುರೆ ಯಜಮಾನರ ಪರಿಚಯ ಇರುತ್ತದೆ, ನಿಮ್ಮ ಮೊದಲ ಗಿರಾಕಿ ಅಲ್ಲೇ ಸಿಗಬಹುದು.